ತಾಮ್ರ ಯಾವಾಗಿನಿಂದ ‘ಅಲೋಹ’ ಆಯ್ತು ಸ್ವಾಮೀ?

ಸುಮಾರು ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಸೋಮಾರಿತನ ಅಂತಾದರೂ ಅಂದುಕೊಳ್ಳಿ, ಕೆಲಸದ ಕಾಟ ಅಂತಾದರೂ ಅಂದುಕೊಳ್ಳಿ. ಇವತ್ತು ಬರೆಯಲೇಬೇಕು ಅನ್ನಿಸಿದ್ದು ಒಂದು ಬೋರ್ಡಿನಿಂದ. ಅದರ ಮೇಲಿದ್ದ ಒಂದೇ ಒಂದು ಪದದಿಂದ. ಕೊರೆತ ಅನ್ನಿಸಿದರೆ ಬೈದುಕೊಳ್ಳಿ, ಪರವಾಗಿಲ್ಲ. ಆದರೆ ಪೂರ್ತಿ ಓದಿ ಬೈಯಿರಿ :-)

ಪೀಣ್ಯದ ಕಡೆ ಒಂದು ಕಾರ್ಖಾನೆ. ಹೆಸರು ಬೇಡ. ಅಲ್ಲಿನ ಸ್ಟೋರ್ಸಿನ ಲೆಕ್ಕ ಇಡುವ ಸಾಫ್ಟ್‌ವೇರ್ ನೋಡಿಕೊಳ್ಳೋಕೆ ತಿಂಗಳಿಗೊಮ್ಮೆ ಹೋಗಿಬರುತ್ತೇನೆ. ಲೇತಿನಲ್ಲಿ ಕಡೆದಾಗ ಉದುರುವ ಸುರುಳಿ ಸುರುಳಿ ಚೂರು, ಕತ್ತರಿಸಿ ಉಳಿದ ತುಂಡು, ಎಲ್ಲ ಗುಜರಿಗೆ ಹೋಗುತ್ತದೆ. ಅದಕ್ಕೆಂದು ಹೊರಗೆ ಎರಡು ದೊಡ್ಡ ತೊಟ್ಟಿಗಳು. ಮುಖ್ಯ ಕಚೇರಿಯಿಂದ ಬಂದ ಬೋರ್ಡುಗಳು ಅವುಗಳ ನೆತ್ತಿಯ ಮೇಲೆ. ಇಂಗ್ಲಿಷಿನಲ್ಲಿ ಒಂದಕ್ಕೆ ‘ಫೆರಸ್ ಸ್ಕ್ರ್ಯಾಪ್’, ಇನ್ನೊಂದಕ್ಕೆ ‘ನಾನ್-ಫೆರಸ್ ಸ್ಕ್ರ್ಯಾಪ್’. ಹಿಂದಿಯಲ್ಲಿ ‘ಲೌಹ’, ‘ಅಲೌಹ’. ಕೆಳಗೆ ಸಣ್ಣಕ್ಷರದಲ್ಲಿ ನಮ್ಮ ಕನ್ನಡ: ‘ಲೋಹ ತ್ಯಾಜ್ಯ’, ‘ಅಲೋಹ ತ್ಯಾಜ್ಯ’.

ಈಗ ನೀವೇ ಹೇಳಿ. ಕೈಯಲ್ಲಿ ಹಿತ್ತಾಳೆ ಚೂರಿನ ಬುಟ್ಟಿ ಹಿಡಿದುಕೊಂಡು ಈ ಎರಡು ಬೋರ್ಡಿನ ಮುಂದೆ ನಿಂತಿದ್ದೀರಿ. ಯಾವುದಕ್ಕೆ ಸುರಿಯುತ್ತೀರಿ?

ಹೊಸದಾಗಿ ಸೇರಿದ ಇಬ್ಬರು ಹುಡುಗರು ನೀವು ಮಾಡುತ್ತಿದ್ದದ್ದನ್ನೇ ಮಾಡಿದ್ದಾರೆ. ಹಿತ್ತಾಳೆ, ತಾಮ್ರ ಎಲ್ಲ ‘ಲೋಹ’ದ ತೊಟ್ಟಿಗೆ. ಹರಿದ ಗ್ಲೌಸು, ರಬ್ಬರ್ ಪಟ್ಟಿ, ಪ್ಲಾಸ್ಟಿಕ್ ಮುಚ್ಚಳ ‘ಅಲೋಹ’ದ ತೊಟ್ಟಿಗೆ. ಗುಜರಿ ಕಾಂಟ್ರಾಕ್ಟರ್ ಬಂದು ನೋಡಿ ತಲೆ ಚಚ್ಚಿಕೊಂಡಿದ್ದಾನೆ. ಅವನದೂ ನ್ಯಾಯವೇ. ಕಬ್ಬಿಣದ ಗುಜರಿಯಲ್ಲಿ ತಾಮ್ರ ಸೇರಿದರೆ ಕರಗಿಸಿದ ಮೇಲೂ ಅದನ್ನು ಬೇರೆ ಮಾಡೋಕೆ ಆಗಲ್ಲ. ಕಬ್ಬಿಣಕ್ಕಿಂತ ಮೊದಲು ಆಮ್ಲಜನಕ ಹಿಡಿಯುವ ವಸ್ತುಗಳಾದರೆ ಕಿಟ್ಟವಾಗಿ ಮೇಲೆ ಬರುತ್ತವೆ. ತಾಮ್ರ ಹಾಗಲ್ಲ, ಉಕ್ಕಿನೊಳಗೇ ಕೂತುಬಿಡುತ್ತದೆ. ಆಮೇಲೆ ಕಾಯಿಸಿ ರೋಲಿಂಗ್ ಮಾಡುವಾಗ ಉಕ್ಕಿನ ಮೈಯೆಲ್ಲ ಬಿರುಕು. ಹಾಗಾಗಿ ರೇಟು ಇಳಿಸಿದ. ಹಿತ್ತಾಳೆಯ ದುಡ್ಡೂ ಹೋಯ್ತು, ಕಬ್ಬಿಣದ ದುಡ್ಡೂ ಹೋಯ್ತು. ಕೊನೆಗೆ ಆ ಇಬ್ಬರು ಹುಡುಗರ ಆ ತಿಂಗಳ ಇನ್ಸೆಂಟಿವ್ ಕೂಡ ಹೋಯ್ತು.

ಸೂಪರ್‌ವೈಸರ್ ನನಗೆ ಹೇಳಿದ್ದು: “ಏನ್ ಸಾರ್ ಮಾಡೋದು, ಈ ಹುಡುಗ್ರಿಗೆ ಬೋರ್ಡ್ ಓದೋಕೂ ಬರಲ್ಲ.”

ಅವರಲ್ಲೊಬ್ಬ ಗದಗದ ಕಡೆಯವನು, ಅಲ್ಲೇ ನಿಂತಿದ್ದ. ಮೆಲ್ಲಗೆ ಅಂದ: “ಸರ, ನಾ ಓದೇ ಹಾಕೇನ್ರಿ. ಸಾಲ್ಯಾಗ ಕಲ್ಸ್ಯಾರಲ್ರಿ, ತಾಮ್ರ ಲೋಹ, ಗಂಧಕ ಅಲೋಹ ಅಂತ. ತಾಮ್ರ ಯಾವಾಗ ಅಲೋಹ ಆತ್ರಿ?”

ಇದಕ್ಕೆ ಉತ್ತರ ಕೊಡೋಕೆ ಸೂಪರ್‌ವೈಸರಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಆ ಆವರಣದಲ್ಲಿ ಅವತ್ತು ಕನ್ನಡ ಸರಿಯಾಗಿ ಓದಿದವನು ಅವನೊಬ್ಬನೇ. ದಂಡ ಕಟ್ಟಿದವನೂ ಅವನೇ.

ಮನೆಗೆ ಬಂದು ನನ್ನ ಮಿತ್ರರೊಬ್ಬರಿಗೆ ಇದನ್ನು ಹೇಳಿದೆ. ಸಂಸ್ಕೃತ ಬಲ್ಲವರು, ದೊಡ್ಡವರು, ಅವರ ಮೇಲೆ ನನಗೆ ಗೌರವ ಇದೆ. ಅವರ ತೀರ್ಪು: “ಬೋರ್ಡಿನಲ್ಲಿ ತಪ್ಪೇ ಇಲ್ಲ ಕಣಪ್ಪ. ಲೋಹ ಅಂದರೆ ಕಬ್ಬಿಣವೇ. ನಿಘಂಟು ನೋಡು. ಜನರಿಗೆ ಗೊತ್ತಿಲ್ಲದಿದ್ದರೆ ಕಲಿತುಕೊಳ್ಳಲಿ.”

ಈ ‘ಕಲಿತುಕೊಳ್ಳಲಿ’ ಅನ್ನೋದೇ ನನ್ನ ತಲೆ ಕೆಡಿಸಿದ್ದು. ಸರಿ, ನಿಘಂಟನ್ನೇ ನೋಡೋಣ.

ಮೋನಿಯರ್ ವಿಲಿಯಮ್ಸ್ ಅವರ ಸಂಸ್ಕೃತ ನಿಘಂಟು (1899ರದ್ದು) ‘ಲೋಹ’ಕ್ಕೆ ಮೊದಲು ಕೊಡುವ ಅರ್ಥ ಕೆಂಪು. ಆಮೇಲೆ ಕೆಂಪು ಲೋಹ, ಅಂದರೆ ತಾಮ್ರ. ಕಬ್ಬಿಣ ಬರುವುದು ಅದರ ನಂತರದ ಬಳಕೆಯಾಗಿ. ‘ಲೋಹಿತ’ ಅಂದರೆ ಕೆಂಪು ಅನ್ನೋದು ನಮಗೆಲ್ಲ ಗೊತ್ತೇ ಇದೆಯಲ್ಲ, ಅದೇ ಬಳ್ಳಿ. ರುದ್ರ-ಚಮಕ ಹೇಳುವವರು ಚಮಕದ ಐದನೇ ಅನುವಾಕ ನೆನಪು ಮಾಡಿಕೊಳ್ಳಿ. ಅಲ್ಲಿ ಬೇಡುವ ವಸ್ತುಗಳ ಪಟ್ಟಿಯಲ್ಲಿ ಚಿನ್ನ, ಅಯಸ್ಸು, ಸೀಸ, ತವರ, ಶ್ಯಾಮ, ಲೋಹ ಎಲ್ಲ ಬೇರೆ ಬೇರೆಯಾಗಿ ಬರುತ್ತವೆ. ಶ್ಯಾಮ ಅಂದರೆ ಕಪ್ಪನೆಯದು, ಅದು ಕಬ್ಬಿಣ. ಲೋಹ ಅಂದರೆ ಕೆಂಪನೆಯದು, ಅದು ತಾಮ್ರ. ಹೀಗಂತ ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಅಂದರೆ ನಮ್ಮ ಮಿತ್ರರು ಹೇಳಿದಂತೆ ಮೂಲಕ್ಕೇ ಹೋಗಿ ನಿಂತರೆ, ‘ಲೋಹ’ ಅಂದರೆ ತಾಮ್ರ. ತಾಮ್ರವನ್ನೇ ‘ಅಲೋಹ’ದ ತೊಟ್ಟಿಗೆ ಹಾಕಿಸಿದ ಹಾಗಾಯ್ತು! ವೇದದ ಪ್ರಕಾರವೂ ಬೋರ್ಡು ತಪ್ಪು, ಎಂಟನೇ ಕ್ಲಾಸಿನ ವಿಜ್ಞಾನದ ಪ್ರಕಾರವೂ ತಪ್ಪು. ಎರಡೂ ಕಡೆ ಫೇಲಾಗೋದು ಸುಲಭದ ಕೆಲಸ ಅಲ್ಲ ಬಿಡಿ.

ಪದಗಳು ಒಂದೇ ಕಡೆ ಕೂತಿರಲ್ಲ. ‘ಲೋಹ’ ತಾಮ್ರದಿಂದ ಹೊರಟು, ಹಿಂದಿಯವರ ಮನೆಗೆ ಹೋಗಿ ‘ಲೋಹಾ’ ಆಗಿ ಕಬ್ಬಿಣ ಅನ್ನುವ ಅರ್ಥದಲ್ಲಿ ನೆಲೆಸಿತು. ಮರಾಠಿಯಲ್ಲಿ ‘ಲೋಖಂಡ’ ಆಯ್ತು. ನಮ್ಮ ಮನೆಗೆ ಬಂದದ್ದು ಎಲ್ಲಕ್ಕೂ ಸಲ್ಲುವ ಹೆಸರಾಗಿ ಉಳಿಯಿತು. ಪಂಚಲೋಹದ ವಿಗ್ರಹ ಅಂತೀವಿ. ಲೋಹ ಅಂದರೆ ಕಬ್ಬಿಣವೇ ಆಗಿದ್ದರೆ ಪಂಚಲೋಹ ಅಂದರೆ ಐದು ಥರದ ಕಬ್ಬಿಣ ಅಂತಾಗಬೇಕಿತ್ತು. ಉತ್ತರದವರು ಅಂಥದ್ದೇ ವಿಗ್ರಹಕ್ಕೆ ‘ಅಷ್ಟಧಾತು’ ಅಂತಾರೆ, ಯಾಕೆಂದರೆ ಅವರಿಗೆ ಮೆಟಲ್ ಅಂದರೆ ‘ಧಾತು’. ನಮಗೋ, ಧಾತು ಅಂದರೆ ಎಲಿಮೆಂಟು! ಹೈಡ್ರೋಜನ್ ಕೂಡ ಧಾತುವೇ. (ವ್ಯಾಕರಣದ ಮೇಷ್ಟ್ರಿಗೆ ಕ್ರಿಯಾಪದದ ಬೇರು, ವೈದ್ಯರಿಗೆ ರಸ-ರಕ್ತ-ಮಾಂಸ. ಒಂದು ಪದ, ಎಷ್ಟು ಸಂಸಾರ ನೋಡಿ.) ಅವರು ನಾನ್-ಮೆಟಲಿಗೆ ‘ಅಧಾತು’ ಅಂತಾರೆ, ನಾವು ‘ಅಲೋಹ’ ಅಂತೀವಿ. ಅವರ ‘ಅಲೌಹ’ವನ್ನು ಒಂದು ಅಕ್ಷರ ತಿದ್ದಿ ಕನ್ನಡಕ್ಕೆ ತಂದರೆ, ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಎಲ್ಲ ಗಂಧಕದ ಪಂಕ್ತಿಯಲ್ಲಿ ಕೂರುತ್ತವೆ.

ಸರ್ದಾರ್ ಪಟೇಲರು ಹಿಂದಿಯಲ್ಲಿ ‘ಲೌಹ ಪುರುಷ’. ಕನ್ನಡದಲ್ಲಿ ‘ಉಕ್ಕಿನ ಮನುಷ್ಯ’ ಅಂತ ಯಾರೋ ಪುಣ್ಯಾತ್ಮರು ಚೆನ್ನಾಗಿ ಮಾಡಿಟ್ಟರು. ಹಾಗೇ ನಕಲು ಹೊಡೆದು ‘ಲೋಹಪುರುಷ’ ಅಂದಿದ್ದರೆ ತವರವೋ ಸೀಸವೋ ಅಂತ ಕೇಳಬೇಕಾಗುತ್ತಿತ್ತು.

ನಾನು ಸಂಸ್ಕೃತದ ವಿರೋಧಿ ಅಂತ ಯಾರೂ ಹಣೆಪಟ್ಟಿ ಅಂಟಿಸಬೇಡಿ. ‘ಅಯಸ್ಕಾಂತ’ ಅನ್ನುವ ಪದ ಎಷ್ಟು ಚಂದ! ಕಬ್ಬಿಣದ ನಲ್ಲ. ‘ಸೂಜಿಗಲ್ಲು’ ಅನ್ನೋದೂ ಅಷ್ಟೇ ಚಂದ. ಎರಡೂ ಇರಲಿ. ನನ್ನ ತಕರಾರು ಪದ ಎಲ್ಲಿಂದ ಬಂತು ಅನ್ನೋದರ ಮೇಲೆ ಅಲ್ಲ. ಕನ್ನಡದಲ್ಲಿ ಆ ಪದಕ್ಕೆ ಈಗಾಗಲೇ ಒಂದು ಕೆಲಸ ಇದೆ, ಅದನ್ನು ಬಿಡಿಸಿ ಹಿಂದಿಯ ಕೆಲಸಕ್ಕೆ ಹಚ್ಚುತ್ತೀರಲ್ಲ, ಅದರ ಮೇಲೆ.

ಇನ್ನು ಎರಡನೇ ಗುಂಪು. “ಅನುವಾದ ಯಾಕ್ರೀ ಬೇಕು, ಫೆರಸ್ ಅಂತಲೇ ಬರೀರಿ, ಮುಗೀತು” ಅನ್ನೋರು. ಆ ಪದವನ್ನೂ ಸ್ವಲ್ಪ ಬಿಡಿಸಿ ನೋಡೋಣ. ಲ್ಯಾಟಿನ್ನಿನಲ್ಲಿ ಕಬ್ಬಿಣಕ್ಕೆ ‘ಫೆರ್ರುಮ್’. ಕಬ್ಬಿಣದ ರಾಸಾಯನಿಕ ಸಂಕೇತ ‘ಎಫ್‌ಇ’ ಆಗಿರೋದು ಅದಕ್ಕೇ. ಫ್ರೆಂಚರ ‘ಫೆರ್’, ಪೋರ್ಚುಗೀಸರ ‘ಫೆರ್ರೊ’, ಸ್ಪೇನಿನ ‘ಇಯೆರ್ರೊ’ ಎಲ್ಲ ಅದರ ಮಕ್ಕಳೇ. ಆ ‘ಫೆರ್ರುಮ್’ ಎಲ್ಲಿಂದ ಬಂತು ಅಂದರೆ ತಮಾಷೆ. ಲ್ಯಾಟಿನ್ನಿನ ಬಂಧುಬಳಗದ ಭಾಷೆಗಳಲ್ಲಿ ಅದಕ್ಕೆ ಒಪ್ಪುವಂಥ ನೆಂಟರು ಸಿಗಲ್ಲ. ಹೀಬ್ರೂವಿನಲ್ಲಿ ಕಬ್ಬಿಣಕ್ಕೆ ‘ಬರ್ಜೆಲ್’, ಅಕ್ಕಾಡಿಯನ್ನಿನಲ್ಲಿ ‘ಪರ್ಜಿಲ್ಲು’. ಆ ಕಡೆಯಿಂದಲೇ ಯಾರದೋ ಕೈ ದಾಟಿ ರೋಮಿಗೆ ಬಂದಿರಬಹುದು ಅನ್ನೋದು ಒಂದು ಊಹೆ. ಕುಲುಮೆಯ ವಿದ್ಯೆ ಜೊತೆ ಪದವೂ ಊರೂರು ಅಲೆದಿರಬೇಕು. ಲ್ಯಾಟಿನ್ನೇ ಸಾಲ ಮಾಡಿ ತಂದ ಪದ ಇದ್ದೀತು. ಹಾಗಿರುವಾಗ ಅದನ್ನೇ ಪರಮಪವಿತ್ರ ಅಂತ ನಾವು ಹಿಡಿದುಕೊಂಡು ಕೂರಬೇಕೆ?

ಅದಕ್ಕಿಂತ ಮುಖ್ಯ, ‘ಫೆರಸ್’ ಅನ್ನೋದು ಒಂದು ಪದ ಅಲ್ಲ, ಎರಡು. ಗುಜರಿಯವನ ಫೆರಸ್ ಬೇರೆ, ಕೆಮಿಸ್ಟ್ರಿ ಮೇಷ್ಟ್ರ ಫೆರಸ್ ಬೇರೆ.

ಗುಜರಿಯವನಿಗೆ ಫೆರಸ್ ಅಂದರೆ ಕಬ್ಬಿಣವೇ ಮುಖ್ಯವಾಗಿರುವ ಮಾಲು. ಬೀಡು, ಉಕ್ಕು, ಸ್ಟೇನ್‌ಲೆಸ್ ಸ್ಟೀಲು ಎಲ್ಲ. ‘ಕಬ್ಬಿಣ ಸ್ವಲ್ಪ ಇದ್ದರೆ ಸಾಕು’ ಅಂತಲ್ಲ. ಚಿಟಿಕೆ ಕಬ್ಬಿಣ ಸೇರಿದ ಕಂಚು ಫೆರಸ್ ಆಗಲ್ಲ. ‘ಆಯಸ್ಕಾಂತಕ್ಕೆ ಅಂಟಿದರೆ ಫೆರಸ್’ ಅಂತ ಹಲವರು ನಂಬಿದ್ದಾರೆ, ಅದೂ ಅರ್ಧ ಸತ್ಯ. ನಿಕ್ಕಲ್ಲೂ ಅಂಟುತ್ತದೆ, ಕೋಬಾಲ್ಟೂ ಅಂಟುತ್ತದೆ, ಅವು ಕಬ್ಬಿಣ ಅಲ್ಲ. ನಿಮ್ಮನೆಯ ಒಳ್ಳೆಯ ಸ್ಟೀಲ್ ಪಾತ್ರೆಗೆ ಆಯಸ್ಕಾಂತ ಹಿಡಿದು ನೋಡಿ, ಬಹಳಷ್ಟು ಸಲ ಅಂಟಲ್ಲ. ಅದರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್, ಮಿಕ್ಕಿದ್ದು ಬಹುಪಾಲು ಕಬ್ಬಿಣವೇ. ಆದರೂ ಮುನಿಸಿಕೊಂಡ ಹಾಗೆ ಜಾರಿಕೊಳ್ಳುತ್ತದೆ.

ಕೆಮಿಸ್ಟ್ರಿಯಲ್ಲಿ ಕಥೆಯೇ ಬೇರೆ. ಕಬ್ಬಿಣ ಎರಡು ಎಲೆಕ್ಟ್ರಾನ್ ಕಳೆದುಕೊಂಡರೆ ಫೆರಸ್, ಮೂರು ಕಳೆದುಕೊಂಡರೆ ಫೆರಿಕ್. ಬಾಲದಲ್ಲಿರುವ ‘ಅಸ್’, ‘ಇಕ್’ಗಳದ್ದೇ ಎಲ್ಲ ಆಟ. 1787ರಲ್ಲಿ ಲವಾಸಿಯೆ ಮತ್ತವನ ಗೆಳೆಯರು ರಸಾಯನಶಾಸ್ತ್ರಕ್ಕೆ ಹೊಸ ಹೆಸರಿಡುವ ಪದ್ಧತಿ ಮಾಡಿದಾಗ ಆಮ್ಲಗಳಿಗೆ ಇಂಥ ಬಾಲ ಜೋಡಿಸಿದರು, ಆಮೇಲೆ ಲೋಹಗಳಿಗೂ ಅದು ಬಂತು. ಈ ಲೆಕ್ಕದಲ್ಲಿ ತುಕ್ಕು ಫೆರಸ್ ಅಲ್ಲ, ಫೆರಿಕ್! ರಕ್ತ ಕಡಿಮೆ ಅಂತ ಡಾಕ್ಟರು ಬರೆದುಕೊಡುವ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರೋದು ಫೆರಸ್. ಇಲ್ಲಿ ‘ಕಬ್ಬಿಣಯುಕ್ತ’ ಅಂತ ಅನುವಾದ ಮಾಡಿದರೆ ಫೆರಸ್ ಸಲ್ಫೇಟೂ ಕಬ್ಬಿಣಯುಕ್ತವೇ, ಫೆರಿಕ್ ಸಲ್ಫೇಟೂ ಕಬ್ಬಿಣಯುಕ್ತವೇ, ಓದುವ ಮಗು ಮಾತ್ರ ಅಯೋಮಯ. (ಅಯೋಮಯ ಅಂದರೂ ಮೂಲದಲ್ಲಿ ಕಬ್ಬಿಣದಿಂದಾದದ್ದು ಅಂತಲೇ ಅರ್ಥ, ಹ್ಹೆ ಹ್ಹೆ.) ಅದಕ್ಕೆ ಕೆಮಿಸ್ಟ್ರಿಯಲ್ಲಿ ಫೆರಸ್, ಫೆರಿಕ್ ಹಾಗೇ ಇರಲಿ ಅನ್ನೋದೇ ನನ್ನ ವಾದ. ಆದರೆ ಒಂದು ಮಾತು. ಫೆರಸ್ ಸಲ್ಫೇಟಿಗೆ ನಮ್ಮ ಗಂಧಿಗೆ ಅಂಗಡಿಯಲ್ಲಿ ‘ಅನ್ನಭೇದಿ’ ಅನ್ನುವ ಹೆಸರು ಯಾವತ್ತಿನಿಂದಲೂ ಇದೆ. ಅಳಲೆಕಾಯಿ ಕಷಾಯಕ್ಕೆ ಅದನ್ನು ಹಾಕಿದರೆ ಕಪ್ಪು ಶಾಯಿ. ಪಠ್ಯಪುಸ್ತಕದ ಪಾಠದಲ್ಲಿ ಒಂದು ಸಾಲು ‘ಇದೇ ಅನ್ನಭೇದಿ’ ಅಂತ ಸೇರಿಸಿದರೆ ಯಾರ ಗಂಟು ಹೋಗುತ್ತಿತ್ತು?

ಇನ್ನು ಮೂರನೆಯವರು. ಇವರು ನಮ್ಮವರೇ, ಅದಕ್ಕೇ ಇವರನ್ನು ಬೈಯೋದು ಕಷ್ಟ. ಒಬ್ಬ ಗೆಳೆಯ ಒಂದು ಫಾರ್ವರ್ಡ್ ಕಳಿಸಿದ್ದ. ಕಬ್ಬಿಣಕ್ಕೆ ಹಳಗನ್ನಡದಲ್ಲಿ ‘ಕರ್ಬೊನ್’, ಅದರಿಂದಲೇ ಇಂಗ್ಲಿಷಿನ ‘ಕಾರ್ಬನ್’ ಹುಟ್ಟಿದ್ದು, ಜೈ ಕರ್ನಾಟಕ ಅಂತ! ಮಾರಾಯ, ಕಾರ್ಬನ್ ಬಂದದ್ದು ಲ್ಯಾಟಿನ್ನಿನ ‘ಕಾರ್ಬೊ’, ಅಂದರೆ ಇದ್ದಿಲು ಅನ್ನುವ ಪದದಿಂದ. ನಮ್ಮ ಕರ್ಬೊನ್ ಮತ್ತು ಅದು ದಾರಿಯಲ್ಲಿ ಡಿಕ್ಕಿ ಹೊಡೆದುಕೊಂಡ ಅಪರಿಚಿತರು ಅಷ್ಟೇ. ಇಂಥ ಸುಳ್ಳು ಹೆಮ್ಮೆ ಯಾಕೆ ಬೇಕು, ನಿಜವಾದದ್ದೇ ಇಷ್ಟು ಸೊಗಸಾಗಿರುವಾಗ?

ಕರ್ ಅಂದರೆ ಕಪ್ಪು. ಪೊನ್ ಅಂದರೆ ಇವತ್ತಿನ ಹೊನ್ನು. ಕರ್+ಪೊನ್, ಕಪ್ಪು ಹೊನ್ನು. ಪದದ ಮೊದಲಲ್ಲಿದ್ದ ಪಕಾರ ಕನ್ನಡದಲ್ಲಿ ಹಕಾರ ಆಯ್ತು, ಪೊನ್ ಹೊನ್ನಾಯ್ತು. ಆದರೆ ಸಮಾಸದ ನಡುವೆ ಸಿಕ್ಕಿಕೊಂಡ ಪಕಾರ ಬಕಾರವಾಗಿ ಬಚಾವಾಯ್ತು. ಕರ್ಬೊನ್, ಕರ್ಬುನ, ಕಬ್ಬುನ, ಕಬ್ಬಿಣ. ತುಳುವಿನಲ್ಲಿ ಇವತ್ತಿಗೂ ‘ಕರ್ಬ’. ತಮಿಳಿನಲ್ಲೂ ‘ಕರುಂಪೊನ್’ ಅಂದರೆ ಕಬ್ಬಿಣ. ಬಿಳಿಯದು ಬೆಳ್ಳಿ. ಕೆಂಪನೆಯದು ಚೆಂಬು. ಇವತ್ತು ನಾವು ನೀರು ಕುಡಿಯೋ ಚೆಂಬು ಅಂತೀವಲ್ಲ, ಅದು ಮೊದಲು ಆ ಪಾತ್ರೆಯ ಹೆಸರಲ್ಲ, ಅದನ್ನು ಮಾಡಿದ ತಾಮ್ರದ ಹೆಸರು. ವೇದದವರು ಶ್ಯಾಮ, ಲೋಹ ಅಂತ ಬಣ್ಣ ನೋಡಿ ಹೆಸರಿಟ್ಟ ಹಾಗೇ ನಮ್ಮವರೂ ಬಣ್ಣ ನೋಡಿ ಹೆಸರಿಟ್ಟರು. ಯಾರದು ಯಾರಿಂದ ಅಂತ ಜಗಳ ಬೇಡ. ಕಣ್ಣಿದ್ದವರಿಗೆಲ್ಲ ಕಬ್ಬಿಣ ಕಪ್ಪಗೇ ಕಾಣುತ್ತದೆ.

ಮಣ್ಣಲ್ಲಿದ್ದಾಗ ಮಾತ್ರ ಅದು ಕೆಂಪು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಕೆಂಪು ಮಣ್ಣಿನ ಗುಂಡಿ! ಜಿಯಾಲಜಿ ಕಲಿಯದ ಜನ ಇಟ್ಟ ಹೆಸರಿನಲ್ಲೇ ಹೆಮಟೈಟ್ ಅದಿರಿನ ವಿಳಾಸ ಇದೆ. ಅದು ಪೂರ್ತಿ ಫೆರಿಕ್. 2005ರ ಕೊನೆಗೆ ಗಣಿಗಾರಿಕೆ ನಿಂತ ಕುದುರೆಮುಖದ್ದು ಮ್ಯಾಗ್ನೆಟೈಟ್, ಕಪ್ಪು. ಅದರಲ್ಲಿ ಒಂದು ಪಾಲು ಫೆರಸ್, ಎರಡು ಪಾಲು ಫೆರಿಕ್. ಕೆಮಿಸ್ಟ್ರಿ ಮೇಷ್ಟ್ರು ಈ ಎರಡು ಊರಿನ ಹೆಸರು ಹೇಳಿ ಪಾಠ ಮಾಡಿದ್ದರೆ ನನಗೆ ಆಗಲೇ ಅರ್ಥ ಆಗುತ್ತಿತ್ತೇನೋ. ಆಗ ಅದು ನನಗೆ ಕಬ್ಬಿಣದ ಕಡಲೆಯೇ ಆಗಿತ್ತು.

ಉಕ್ಕಿನ ಕಥೆ ನಿಮಗೆಲ್ಲ ಗೊತ್ತಿರುತ್ತದೆ, ಚುಟುಕಾಗಿ ಹೇಳುತ್ತೇನೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮುಂಬಯಿ ಕಡೆಯಿಂದ ಬಂದ ‘ವೂಟ್ಜ್’ ಎಂಬ ಉಕ್ಕಿನ ಬಗ್ಗೆ ಪ್ರಬಂಧ ಇಟ್ಟ. ಆಮೇಲೆ ಮೈಕೆಲ್ ಫ್ಯಾರಡೆಯೇ ಅದರ ಗುಟ್ಟು ಹುಡುಕೋಕೆ ಹೊರಟ. ಈ ವಿಚಿತ್ರ ಪದ ನಮ್ಮ ‘ಉಕ್ಕು’ ಎಂಬುದನ್ನು ಯಾರೋ ತಪ್ಪಾಗಿ ಓದಿ, ಬರೆದು ಆದದ್ದಿರಬೇಕು ಅಂತ 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟು ಊಹಿಸಿತು. ಹೆಮ್ಮೆಯೇ. ಆದರೆ ‘ಉಕ್ಕು’ ತೆಲುಗಿನಲ್ಲೂ ಇದೆ, ಮಲಯಾಳದಲ್ಲಿ ‘ಉರುಕ್ಕ್’ ಇದೆ. ನಮ್ಮೊಬ್ಬರದೇ ಅಂತ ಬೇಲಿ ಹಾಕೋಕೆ ಬರಲ್ಲ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆ ಸುತ್ತಿದಾಗ ನಮ್ಮ ಹಳ್ಳಿಗಳಲ್ಲಿ ಕಬ್ಬಿಣ ಕರಗಿಸೋದನ್ನೂ ಉಕ್ಕು ಮಾಡೋದನ್ನೂ ಕಂಡು ಬರೆದಿಟ್ಟ. ಅಷ್ಟೆಲ್ಲ ಮಾಡಿದ ನಾಡಿನಲ್ಲಿ, ಒಂದು ಗುಜರಿ ತೊಟ್ಟಿಯ ಮೇಲೆ ‘ಕಬ್ಬಿಣ’ ಅಂತ ಬರೆಯೋಕೆ ನಾಚಿಕೆ!

ನಾಚಿಕೆ ಅನ್ನೋದೇ ಸರಿಯಾದ ಮಾತು. ‘ಕಬ್ಬಿಣ’ ಅಂದರೆ ಹಳ್ಳಿ, ‘ಲೋಹ’ ಅಂದರೆ ಆಫೀಸು ಅನ್ನೋ ಭಾವನೆ. ‘ಕಬ್ಬಿಣೇತರ ಲೋಹ’ ಅಂತ ಕೆಲವು ಪುಸ್ತಕಗಳಲ್ಲಿ ಇದೆಯಲ್ಲ ಅಂದೆ ಮಿತ್ರರಿಗೆ. “ಛೆ, ಕಬ್ಬಿಣ ಕನ್ನಡ, ಇತರ ಸಂಸ್ಕೃತ, ಅರಿಸಮಾಸ ಆಗುತ್ತೆ” ಅಂದರು. ಮಳೆ ಕನ್ನಡ, ಕಾಲ ಸಂಸ್ಕೃತ. ಹಾಗಂತ ಮಳೆಗಾಲ ಬರೋದು ನಿಂತಿದೆಯೇ? ಅರಿಸಮಾಸ ಆದರೆ ಆಗಲಿ, ಅರ್ಥ ಕೆಟ್ಟರೆ ತಾನೇ ಇನ್ಸೆಂಟಿವ್ ಹೋಗೋದು. ಅದೂ ಬೇಡವೆಂದರೆ ‘ಕಬ್ಬಿಣದ ಲೋಹ’, ‘ಕಬ್ಬಿಣವಲ್ಲದ ಲೋಹ’ ಅನ್ನಿ. ನಾಲ್ಕಕ್ಷರ ಹೆಚ್ಚಾಯ್ತು ಅಂತ ಬೋರ್ಡಿನ ಪೇಂಟು ಖರ್ಚಾಗಿಬಿಡಲ್ಲ.

ಹೋದ ವಾರ ಮತ್ತೆ ಅಲ್ಲಿಗೆ ಹೋಗಿದ್ದೆ. ನಾನು ಮೇಲಿನವರಿಗೆ ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು ಕಾಗದ ಬರೆದುಕೊಟ್ಟಿದ್ದೆ. ಬೋರ್ಡು ಮುಖ್ಯ ಕಚೇರಿಯದ್ದು, ತೆಗೆಯೋಕೆ ಅಪ್ಪಣೆ ಬೇಕಂತೆ, ಇನ್ನೂ ಬಂದಿಲ್ಲ. ಆದರೆ ಅದರ ಕೆಳಗೆ, ತೊಟ್ಟಿಯ ಮೈಮೇಲೆ, ಯಾರೋ ಬಿಳಿ ಪೇಂಟಿನಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರು. ಒಂದಕ್ಕೆ ‘ಕಬ್ಬಿಣ, ಸ್ಟೀಲ್’. ಇನ್ನೊಂದಕ್ಕೆ ‘ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ’. ಪಕ್ಕದಲ್ಲಿ ಮೂರನೇದೊಂದು ಹಳೇ ಡ್ರಮ್ಮು ತಂದಿಟ್ಟು ‘ಕಸ’ ಅಂತ ಬರೆದಿದ್ದರು. ಯಾರ ಕೈಬರಹ ಅಂತ ಕೇಳಿದ್ದಕ್ಕೆ ಗದಗದ ಹುಡುಗ ನಕ್ಕ. ಕಳೆದ ಇನ್ಸೆಂಟಿವ್ ವಾಪಸ್ ಬಂತಾ ಅಂದೆ. “ಇಲ್ರಿ ಸರ” ಅಂದ.

ಅಂದ ಹಾಗೆ, ನಿಮ್ಮ ನಿಮ್ಮ ಊರಿನ ಕುಲುಮೆ, ಗುಜರಿ ಅಂಗಡಿಗಳಲ್ಲಿ ಬೀಡು, ಉಕ್ಕು, ತಗಡುಗಳಿಗೆ ಏನೇನು ಹೆಸರಿವೆ ಅಂತ ಗೊತ್ತಿದ್ದರೆ ಕೆಳಗೆ ಬರೆದು ತಿಳಿಸಿ. ಒಂದು ಪಟ್ಟಿ ಮಾಡುವ ಆಸೆ ಇದೆ. ಮುಖ್ಯ ಕಚೇರಿಗೆ ಬರೆಯುವ ಮುಂದಿನ ಕಾಗದದ ಜೊತೆ ಲಗತ್ತಿಸೋಕೆ.